ಹೂಮಳೆಗೆ ಮುಂಚೆಯೇ ಶುರುವಾಗುವ ಜೇನು ಕೊಯ್ಲು: ಕೊಡಗಿನ ಮಳೆ, ಹೂ ಮತ್ತು ತುಡುವೆ ಪೆಟ್ಟಿಗೆ

ಕೊಡಗಿನಲ್ಲಿ ಒಂದು ಪೆಟ್ಟಿಗೆಯಿಂದ ಎಷ್ಟು ಜೇನು ಸಿಗುತ್ತದೆ ಎಂದು ಯಾರಾದರೂ ಕೇಳಿದರೆ, ಪೆಟ್ಟಿಗೆ ಯಾವ ಊರಿನಲ್ಲಿದೆ ಎಂದು ತಿರುಗಿ ಕೇಳಬೇಕಾಗುತ್ತದೆ. ಭಾಗಮಂಡಲ, ತಲಕಾವೇರಿ ಕಡೆ ವರ್ಷಕ್ಕೆ 5000 ಮಿ.ಮೀ. ದಾಟಿ ಮಳೆ ಸುರಿಯುವುದು ಅಪರೂಪವಲ್ಲ. ಅಲ್ಲಿಂದ ಹೊರಟು ಮಡಿಕೇರಿ ಇಳಿದು ಕುಶಾಲನಗರ ತಲುಪುವಷ್ಟರಲ್ಲಿ ಆ ಮಳೆ ನಾಲ್ಕನೇ ಒಂದು ಭಾಗದ ಆಸುಪಾಸಿಗೆ ಇಳಿದಿರುತ್ತದೆ. ಒಂದೇ ಜಿಲ್ಲೆ, ಅದೇ ತುಡುವೆ ನೊಣ, ಅದೇ ಅಳತೆಯ ಪೆಟ್ಟಿಗೆ; ಕೊಯ್ಲಿನಲ್ಲಿ ಮಾತ್ರ ಅಜಗಜಾಂತರ. ಒಳ್ಳೆಯ ಜಾಗದಲ್ಲಿ, ಒಳ್ಳೆಯ ವರ್ಷದಲ್ಲಿ 8–10 ಕಿಲೋ ಕೊಟ್ಟ ಪೆಟ್ಟಿಗೆ ಮರುವರ್ಷ ಎರಡು ಕಿಲೋಗೂ ಪರದಾಡಬಹುದು.

ಹಾಗಾದಾಗ ನಾವೆಲ್ಲ ಮಳೆಯನ್ನು ಬೈಯುತ್ತೇವೆ. ಬೈಗುಳ ಪೂರ್ತಿ ತಪ್ಪೂ ಅಲ್ಲ. ಆದರೆ ಹೂ ಅರಳಿದ ದಿನ ಪೆಟ್ಟಿಗೆಯಲ್ಲಿ ದುಡಿಯುವ ನೊಣ ಎಷ್ಟಿತ್ತು ಎನ್ನುವುದನ್ನು ಮಳೆ ನಿರ್ಧರಿಸುವುದಿಲ್ಲ, ಅದಕ್ಕೂ ಆರು ವಾರ ಮುಂಚೆ ನಾವು ಏನು ಮಾಡಿದೆವು ಎನ್ನುವುದು ನಿರ್ಧರಿಸುತ್ತದೆ. ಈ ಲೇಖನದ ಹಂತಗಳೆಲ್ಲ ಆ ಲೆಕ್ಕದ ಸುತ್ತಲೇ ಇವೆ. ಹೂಮಳೆ ಎಂದರೆ ಕಾಫಿ ಮೊಗ್ಗನ್ನು ಅರಳಿಸುವ ಬೇಸಿಗೆಯ ಮಳೆ. ಹೇಳುತ್ತಿರುವುದು ಪೆಟ್ಟಿಗೆಯಲ್ಲಿ ಸಾಕುವ ತುಡುವೆಯ ಬಗ್ಗೆ. ಹೆಜ್ಜೇನು, ಕೋಲುಜೇನು, ಮುಜಂಟಿಗಳ ರೀತಿ ಬೇರೆ.

1. ಮೊದಲು ಊರು ಸುತ್ತಿ, ಆಮೇಲೆ ಪೆಟ್ಟಿಗೆ ಇಡಿ

ತುಡುವೆ ಮೇವಿಗೆ ಹೋಗುವುದು ಹೆಚ್ಚೆಂದರೆ ಒಂದು, ಒಂದೂವರೆ ಕಿಲೋಮೀಟರ್. ಹಾಗಾಗಿ ಜಿಲ್ಲೆಯ ಹೂವಿನ ಪಟ್ಟಿ ಕಟ್ಟಿಕೊಂಡು ಆಗಬೇಕಾದ್ದು ಏನೂ ಇಲ್ಲ. ನಿಮ್ಮ ಪೆಟ್ಟಿಗೆಯಿಂದ ಇಪ್ಪತ್ತು ನಿಮಿಷ ನಡೆದರೆ ಸಿಗುವ ಮರಗಿಡಗಳ ಪಟ್ಟಿ ಬೇಕು. ಒಂದು ನೋಟ್‌ಬುಕ್ ಇಡಿ. ತಿಂಗಳಿಗೆ ಎರಡು ಸಲ ಆ ಸುತ್ತಳತೆಯಲ್ಲಿ ನಡೆದು ಯಾವುದು ಮೊಗ್ಗಾಗಿದೆ, ಯಾವುದು ಅರಳಿದೆ, ಯಾವುದರ ಮೇಲೆ ನಿಜವಾಗಿ ನೊಣ ಕೂತಿದೆ ಎಂದು ಬರೆಯಿರಿ. ಮೂರನೆಯದು ಮುಖ್ಯ. ಬೆಟ್ಟ ತುಂಬ ಹೂವಿದ್ದರೂ ಅದರಲ್ಲಿ ಮಕರಂದ ಇಲ್ಲದಿರಬಹುದು. ಕರಿಮೆಣಸನ್ನೇ ನೋಡಿ: ತೋಟದ ಮರಮರಕ್ಕೂ ಹಬ್ಬಿರುತ್ತದೆ, ಜೇನಿಗೆ ಅದರಿಂದ ಕಾಸಿನ ಪ್ರಯೋಜನವಿಲ್ಲ.

ನಮ್ಮ ಕಡೆ ತೋಟಗಳಲ್ಲಿ ಮಳೆ ಬರೆದಿಡುವ ಅಭ್ಯಾಸ ಅಜ್ಜನ ಕಾಲದ್ದು. ಇವತ್ತಿಗೂ ಇಂಚು, ಸೆಂಟಿನ (ನೂರು ಸೆಂಟು ಸೇರಿದರೆ ಒಂದು ಇಂಚು) ಲೆಕ್ಕದಲ್ಲೇ ಮಾತಾಡುತ್ತೇವೆ. ಆ ಪುಸ್ತಕ ಜೇನಿಗೂ ಉಪಯೋಗಕ್ಕೆ ಬರುತ್ತದೆ, ಒಂದು ಕಾಲಂ ಸೇರಿಸಿಕೊಂಡರೆ. ಪ್ಲಾಂಟರಿಗೆ ಎಷ್ಟು ಮಳೆ ಎನ್ನುವುದು ಬೇಕು. ಜೇನು ಸಾಕುವವರಿಗೆ ಎಷ್ಟು ಗಂಟೆಗೆ ಮಳೆ ಎನ್ನುವುದೂ ಬೇಕು. ಏಪ್ರಿಲ್‌ನಲ್ಲಿ ಸಂಜೆ ಗುಡುಗಿ ಒಂದು ಇಂಚು ಹೊಡೆದರೂ ಮರುದಿನ ಬೆಳಿಗ್ಗೆ ಬಿಸಿಲು ಬಂದರೆ ನೊಣಕ್ಕೆ ನಷ್ಟವಿಲ್ಲ. ಮಣ್ಣು ಒದ್ದೆಯಾದದ್ದರಿಂದ ಮಕರಂದ ಹೆಚ್ಚಲೂಬಹುದು. ಬೆಳಿಗ್ಗೆ ಎಂಟರಿಂದ ಹನ್ನೊಂದರವರೆಗೆ ಐದೇ ಸೆಂಟಿನ ಜಿಟಿಜಿಟಿ ಬಿದ್ದರೆ ಆ ದಿನದ ಮೇವು ಹೋಯಿತು. ಪುಸ್ತಕದಲ್ಲಿ ಎರಡನೆಯದು ಸಣ್ಣ ಮಳೆ, ಪೆಟ್ಟಿಗೆಯಲ್ಲಿ ದೊಡ್ಡ ಪೆಟ್ಟು.

ಪೆಟ್ಟಿಗೆ ಇಡುವ ಜಾಗಕ್ಕೆ ಬೆಳಗಿನ ಬಿಸಿಲು ಬೀಳಲಿ, ಬಾಗಿಲು ಪೂರ್ವಕ್ಕೋ ಆಗ್ನೇಯಕ್ಕೋ ಇರಲಿ. ಮಳೆಗಾಳಿ ಬೀಸುವುದು ನೈರುತ್ಯದಿಂದ. ಬಾಗಿಲು ಆ ಕಡೆ ತಿರುಗಿದ್ದರೆ ನೀರು ನೇರ ಎರಿಗೆ (ನೊಣ ಕಟ್ಟುವ ಮೇಣದ ಗೂಡಿಗೆ) ಹೊಡೆಯುತ್ತದೆ. ದಟ್ಟ ನೆರಳಿನ ತೋಟದ ನಡುಮಧ್ಯಕ್ಕಿಂತ ಗದ್ದೆಯಂಚು, ಕಾಫಿ ಒಣಗಿಸುವ ಕಣದ ಬದಿ ಮೇಲು. ನಡುತೋಟದಲ್ಲಿ ಡಿಸೆಂಬರ್ ಮಂಜು ಕರಗುವುದೇ ತಡ, ನೊಣ ಹೊರಡುವುದೂ ತಡ.

2. ಪುತ್ತರಿ (ನವೆಂಬರ್–ಡಿಸೆಂಬರ್‌ನ ಸುಗ್ಗಿ ಹಬ್ಬ) ಕಳೆದ ಮೇಲೆ ಹಿಂದಕ್ಕೆ ಎಣಿಸಿ

ತುಡುವೆಯ ಮೊಟ್ಟೆ ಕೆಲಸಗಾರ ನೊಣವಾಗಿ ಹೊರಬರಲು ಸುಮಾರು 20 ದಿನ ಬೇಕು. ಹೊರಬಂದದ್ದು ಕೂಡಲೇ ಹೂವಿಗೆ ಹಾರುವುದಿಲ್ಲ. ಎರಡು ಮೂರು ವಾರ ಮರಿ ಸಾಕಿ, ಎರಿ ಕಟ್ಟಿ, ಒಳಗಿನ ಕೆಲಸ ಮುಗಿಸಿ ಆಮೇಲೆ ಮೇವಿಗೆ ಹೋಗುತ್ತದೆ. ಒಟ್ಟು ಆರು ವಾರ. ನಿಮ್ಮ ತೋಟದಲ್ಲಿ ರೋಬಸ್ಟಾ ಸಾಮಾನ್ಯವಾಗಿ ಮಾರ್ಚ್ ಮೊದಲ ವಾರ ಅರಳುವುದಾದರೆ, ಆ ದಿನ ಕೆಲಸಕ್ಕೆ ಬರುವ ನೊಣ ಜನವರಿ ಮೂರನೇ ವಾರದ ಹೊತ್ತಿಗೆ ಮೊಟ್ಟೆಯಾಗಿ ಎರಿಯ ಕಣದಲ್ಲಿ ಇರಬೇಕು. ರಾಣಿ ಜನವರಿ ಶುರುವಿನಿಂದಲೇ ಬಿಡುವಿಲ್ಲದೆ ಮೊಟ್ಟೆ ಇಡುತ್ತಿರಬೇಕು ಎಂದಾಯಿತು.

ತೊಂದರೆ ಏನೆಂದರೆ ಡಿಸೆಂಬರ್, ಜನವರಿ ಎಂದರೆ ಕಾಫಿ ಕೊಯ್ಲು. ಕೊಯ್ಯುವುದು, ಕಣದಲ್ಲಿ ಹರಡುವುದು, ಆಳು ಹುಡುಕುವುದು. ಜೇನುಪೆಟ್ಟಿಗೆಯ ಮುಚ್ಚಳ ಎತ್ತಲು ಯಾರಿಗೂ ಪುರುಸೊತ್ತಿಲ್ಲ. ಕೊಯ್ಲು ಮುಗಿಸಿ ಫೆಬ್ರವರಿ ಕೊನೆಗೆ ಪೆಟ್ಟಿಗೆ ತೆರೆದು, ನೊಣ ಕಡಿಮೆ ಇದೆಯೆಂದು ಆಗ ಸಕ್ಕರೆ ಪಾಕ ಕೊಟ್ಟರೆ, ಅದರಿಂದ ಹುಟ್ಟುವ ನೊಣ ದುಡಿಯಲು ಸಿದ್ಧವಾಗುವುದು ಕಾಫಿ ಹೂ ಉದುರಿ ಮಿಡಿಯಾದ ಮೇಲೆ. ನನ್ನ ಪ್ರಕಾರ ಕೊಡಗಿನಲ್ಲಿ ಜೇನು ಕೈತಪ್ಪುವ ಅತಿ ದೊಡ್ಡ ಕಾರಣ ಇದೇ, ಮಳೆ ಅಲ್ಲ.

ಆದ್ದರಿಂದ ಜನವರಿಯಲ್ಲಿ ವಾರಕ್ಕೊಂದು ಸಂಜೆಯನ್ನಾದರೂ ಪೆಟ್ಟಿಗೆಗೆ ಮೀಸಲಿಡಿ. ಸಂಸಾರ ಕೋಣೆಯಲ್ಲಿ (ರಾಣಿ, ಮರಿಗಳಿರುವ ಕೆಳಗಿನ ಕೋಣೆ) ಮೊಟ್ಟೆ, ಮರಿ ಎಡೆಬಿಡದೆ ಇದೆಯೇ, ಪರಾಗ ಬರುತ್ತಿದೆಯೇ ನೋಡಿ. ಪರಾಗ ಬರುತ್ತಿದ್ದು ಜೇನಿನ ದಾಸ್ತಾನು ತೆಳುವಾಗಿದ್ದರೆ ಸಕ್ಕರೆ ಮತ್ತು ನೀರು ಸಮಸಮ ತೂಕದ ಪಾಕ, ವಾರಕ್ಕೆ 200 ಗ್ರಾಂ ಸಕ್ಕರೆಯಷ್ಟು, ಕತ್ತಲಾಗುವ ಹೊತ್ತಿಗೆ ಪೆಟ್ಟಿಗೆಯೊಳಗೇ ಇಡಿ. ಹಗಲು ಕೊಟ್ಟರೆ, ಹೊರಗೆ ಚೆಲ್ಲಿದರೆ, ಬೇರೆ ಪೆಟ್ಟಿಗೆಯ ನೊಣ ಕದಿಯಲು ಬಂದು ಜಗಳವಾಗುತ್ತದೆ. ಕಪ್ಪಾದ ಹಳೆಯ ಎರಿಯನ್ನು ಈಗಲೇ ತೆಗೆದುಬಿಡಿ. ರಾಣಿಗೆ ವಯಸ್ಸಾಗಿ ಮೊಟ್ಟೆ ಅಲ್ಲೊಂದು ಇಲ್ಲೊಂದು ಚದುರಿ ಬಿದ್ದಿದ್ದರೆ ಆ ಪೆಟ್ಟಿಗೆಯ ಮೇಲೆ ಈ ವರ್ಷ ಆಸೆ ಇಡಬೇಡಿ.

ಈ ತಿಂಗಳುಗಳಲ್ಲಿ ನೊಣಕ್ಕೆ ಆಸರೆ ಕಳೆಗಳೇ. ಕಮ್ಯುನಿಸ್ಟ್ ಗಿಡ ನವೆಂಬರ್‌ನಿಂದ ಜನವರಿವರೆಗೆ ಬೇಲಿಯುದ್ದಕ್ಕೂ ಅರಳಿರುತ್ತದೆ. ನಾಚಿಕೆ ಮುಳ್ಳಿನಲ್ಲಿ, ತೆಂಗು ಅಡಿಕೆ ಹಿಂಗಾರದಲ್ಲಿ ಪರಾಗ ಸಿಗುತ್ತದೆ. ಮುಂದೆ ಹಾಲವಾಣ ಕೆಂಪಾಗುತ್ತದೆ. ಇದರಲ್ಲಿ ನಿಮಗೆ ಕೊಯ್ಯಲು ಜೇನು ಸಿಗುವುದಿಲ್ಲ, ಸಂಸಾರ ಬೆಳೆಯುತ್ತದೆ.

3. ಹೂಮಳೆಯ ವಾರ

ಫೆಬ್ರವರಿ ಕೊನೆಯಿಂದ ಏಪ್ರಿಲ್‌ವರೆಗೆ ಯಾವಾಗಲೋ ಒಂದು ದಿನ ಹೂಮಳೆ ಬರುತ್ತದೆ. ಸುಮಾರು ಒಂದು ಇಂಚು, ಅಂದರೆ 25 ಮಿ.ಮೀ., ಸರಿಯಾಗಿ ನೆನೆದರೆ ರೋಬಸ್ಟಾ ಏಳೆಂಟು ದಿನಕ್ಕೆ ಅರಳುತ್ತದೆ; ಅರೇಬಿಕಾ ಒಂದೆರಡು ದಿನ ತಡ. ಹೂ ತಾಜಾ ಇರುವುದು ಎರಡು ಮೂರು ದಿನ. ಇಪ್ಪತ್ತು ಮೂವತ್ತು ಸೆಂಟು ಬಿದ್ದು ನಿಂತುಬಿಟ್ಟರೆ ಮೊಗ್ಗು ಅರೆಬರೆ ಅರಳುತ್ತದೆ, ಅದರಲ್ಲಿ ಕಾಫಿಗೂ ಇಲ್ಲ, ಜೇನಿಗೂ ಇಲ್ಲ.

ಹೂಮಳೆ ಬಿದ್ದ ದಿನ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಆ ಏಳು ದಿನದೊಳಗೆ ಮಾಡಬೇಕಾದ್ದು ಇಷ್ಟು:

- ಪಾಕ ಕೊಡುವುದನ್ನು ನಿಲ್ಲಿಸಿ. ಜೇನು ಕೋಣೆ (ನೊಣ ಜೇನು ಕೂಡಿಡುವ ಮೇಲಿನ ಕೋಣೆ) ಇಡುವ ಮುನ್ನ ಪಾಕದ ಪಾತ್ರೆ ಹೊರಗಿರಬೇಕು, ಇಲ್ಲದಿದ್ದರೆ ಕೊಯ್ಲಿನಲ್ಲಿ ಸಕ್ಕರೆಯೇ ಬರುತ್ತದೆ.
- ಸಂಸಾರ ಕೋಣೆಯ ಎಲ್ಲ ಚೌಕಟ್ಟಿನ ಮೇಲೂ ನೊಣ ತುಂಬಿದ್ದರೆ ಮಾತ್ರ ಮೇಲೆ ಜೇನು ಕೋಣೆ ಇಡಿ. ಏಳು ಚೌಕಟ್ಟಿನ ನ್ಯೂಟನ್ ಪೆಟ್ಟಿಗೆಯಾಗಲಿ, ಎಂಟರ ಐ.ಎಸ್.ಐ. ಪೆಟ್ಟಿಗೆಯಾಗಲಿ, ನಿಯಮ ಒಂದೇ. ನೊಣ ಕಡಿಮೆ ಇರುವಾಗ ಮೇಲೆ ಖಾಲಿ ಕೋಣೆ ಕೂರಿಸಿದರೆ ಒಳಗಿನ ಬಿಸಿ ಆರಿ ಮರಿಗೆ ತೊಂದರೆ.
- ಕಳೆದ ವರ್ಷದ ಕಟ್ಟಿದ ಎರಿ ಕೆಡದೆ ಉಳಿದಿದ್ದರೆ ಅದನ್ನೇ ಕೊಡಿ. ಮೂರು ದಿನದ ಹೂವಿಗೆ ಹೊಸ ಎರಿ ಕಟ್ಟುತ್ತ ಕೂರಲು ನೊಣಕ್ಕೆ ಸಮಯವಿಲ್ಲ.
- ಅಕ್ಕಪಕ್ಕದ ತೋಟದವರಿಗೆ ಒಂದು ಮಾತು ಹೇಳಿ, ಹೂವಿನ ದಿನಗಳಲ್ಲಿ ಔಷಧಿ ಹೊಡೆಯದಂತೆ. ರೋಬಸ್ಟಾ ತನ್ನದೇ ಗಿಡದ ಪರಾಗದಿಂದ ಕಾಯಿ ಕಟ್ಟುವುದಿಲ್ಲ. ಗಾಳಿಯೋ ನೊಣವೋ ಬೇರೆ ಗಿಡದಿಂದ ತರಬೇಕು. ಈ ವಿಷಯ ಹೇಳಿದರೆ ಸಾಮಾನ್ಯವಾಗಿ ಯಾರೂ ಇಲ್ಲ ಎನ್ನುವುದಿಲ್ಲ.

ಸ್ಪ್ರಿಂಕ್ಲರ್ ಬಂದ ಮೇಲೆ ಈ ಲೆಕ್ಕ ಸ್ವಲ್ಪ ಬದಲಾಗಿದೆ, ಜೇನಿನವರಿಗೆ ಒಳ್ಳೆಯ ರೀತಿಯಲ್ಲೇ. ಹೊಳೆ, ಕೆರೆ ಇರುವ ತೋಟದವರು ಫೆಬ್ರವರಿಯಲ್ಲೇ ಬ್ಲಾಕ್ ಬ್ಲಾಕ್ ಆಗಿ ನೀರು ಹಾರಿಸುತ್ತಾರೆ. ಇವತ್ತು ಈ ಗುಡ್ಡ, ನಾಲ್ಕು ದಿನ ಬಿಟ್ಟು ಆ ಗುಡ್ಡ. ಹೂವೂ ಹಾಗೇ ಸರದಿಯಲ್ಲಿ ಅರಳುತ್ತದೆ. ಊರಿಗೆಲ್ಲ ಒಂದೇ ಮಳೆ ಬಿದ್ದು ಒಟ್ಟಿಗೆ ಅರಳಿದರೆ ಮೂರು ದಿನದ ಸುಗ್ಗಿ. ಅದೇ ದಿನ ಮೋಡ ಮುಸುಕಿದರೆ ಅದೂ ಇಲ್ಲ. ಸುತ್ತಲಿನ ನಾಲ್ಕಾರು ತೋಟ ಬೇರೆ ಬೇರೆ ದಿನ ನೀರು ಕೊಟ್ಟರೆ ಎರಡು ಮೂರು ವಾರ ಮೇವು. ಹಾಗಾಗಿ ಪೆಟ್ಟಿಗೆ ಎಲ್ಲಿಡಬೇಕು ಎಂದು ಯೋಚಿಸುವಾಗ, ಯಾರ ತೋಟದಲ್ಲಿ ಯಾವಾಗ ಪಂಪ್ ಶುರುವಾಗುತ್ತದೆ ಎಂದು ಕೇಳಿಟ್ಟುಕೊಳ್ಳುವುದು ಹವಾಮಾನ ವರದಿಯಷ್ಟೇ ಉಪಯುಕ್ತ.

ಕಾಫಿ ಹೂವಿನ ಬಗ್ಗೆ ಒಂದು ಸ್ವಾರಸ್ಯ: ಕಾಫಿ ಮತ್ತು ಕಿತ್ತಳೆ ಜಾತಿಯ ಹೂವಿನ ಮಕರಂದದಲ್ಲಿ ತುಸು ಕೆಫೀನ್ ಇರುತ್ತದೆ, ಅದನ್ನು ಕುಡಿದ ಜೇನುನೊಣ ಹೂವಿನ ವಾಸನೆಯನ್ನು ಹೆಚ್ಚು ಕಾಲ ನೆನಪಿಡುತ್ತದೆ ಎಂದು 2013ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಕೊಡಗಿನ ತೋಟದಲ್ಲಿ ಎರಡೂ ಇವೆ. ಬೆಳಿಗ್ಗೆ ಕಾಫಿ ಬೇಕೇ ಬೇಕು ಎನ್ನುವ ಚಟ ನಮಗೊಂದೇ ಅಲ್ಲ.

ಹೂ ಬಿಟ್ಟ ದಿನವೇ ಮಳೆ ಹೊಡೆದರೆ ಮಾಡುವುದಕ್ಕೆ ಏನೂ ಇಲ್ಲ. ಮಕರಂದ ತೊಳೆದು ಹೋಗುತ್ತದೆ. ಆದರೆ ಕೋಣೆ ತೆಗೆಯಬೇಡಿ, ಮರದ ಹೂ ಇನ್ನೂ ಮುಂದಿದೆ.

4. ನಿಜವಾದ ತೂಕ ಮರದ ಹೂವಿನಲ್ಲಿ

ಕಾಫಿ ಹೂವಿನ ಘಮ ಊರಿಗೆಲ್ಲ ಗೊತ್ತಾಗುವುದರಿಂದ ಜೇನೆಲ್ಲ ಅದರದ್ದೇ ಎಂದು ಹೊರಗಿನವರು ಭಾವಿಸುತ್ತಾರೆ. ತೋಟದ ಒಳಗೆ ನೋಡಿದರೆ ಕಾಫಿ ಹೂ ಸಂಸಾರವನ್ನು ಉಬ್ಬಿಸುತ್ತದೆ, ಕೋಣೆ ತುಂಬಿಸುವುದು ಬಹುಪಾಲು ಮರಗಳು. ಸಿಲ್ವರ್ ಓಕ್ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಹೊಂಬಣ್ಣದ ಹೂ ಬಿಡುತ್ತದೆ, ಅದರ ಮಕರಂದ ಕೈಗೆ ಅಂಟುವಷ್ಟು. ಆಮೇಲೆ ನೇರಳೆ, ಮತ್ತಿ, ನಂದಿ. ಸಂಪಾಜೆ, ಕರಿಕೆಯಂಥ ಘಟ್ಟದ ಕೆಳಗಿನ ಕಡೆ ರಬ್ಬರ್ ಇದೆ. ಅಲ್ಲಿ ನೊಣ ಹೂವಿಗಿಂತ ಹೆಚ್ಚಾಗಿ ಚಿಗುರೆಲೆಯ ತೊಟ್ಟಿನಲ್ಲಿ ಒಸರುವ ಸಿಹಿಯನ್ನೇ ತರುತ್ತದೆ. ಎಲೆ ಉದುರಿ ಹೊಸ ಚಿಗುರು ಬರುವ ಕಾಲವನ್ನು ನೋಡಿ ಪೆಟ್ಟಿಗೆ ಸಾಗಿಸುವವರು ಅದಕ್ಕೇ ಇದ್ದಾರೆ.

ಇಲ್ಲಿ ನನ್ನದೊಂದು ತಕರಾರಿದೆ. ಬೇಗ ಬೆಳೆಯುತ್ತದೆ, ಮೆಣಸಿನ ಬಳ್ಳಿಗೆ ನೆಟ್ಟಗೆ ಆಸರೆಯಾಗುತ್ತದೆ, ಕಡಿದು ಮಾರಲೂ ಸುಲಭ ಎಂದು ಕಾಡುಮರ ತೆಗೆದು ಸಿಲ್ವರ್ ಓಕ್ ಒಂದನ್ನೇ ನೆಟ್ಟ ತೋಟಗಳಲ್ಲಿ ಏಪ್ರಿಲ್ ನಂತರ ನೊಣಕ್ಕೆ ಬರಗಾಲ. ಹಳೆಯ ನೆರಳಿನ ತೋಟದಲ್ಲಿ ಒಂದು ಮರದ ಹೂ ಮಳೆಗೆ ಸಿಕ್ಕಿ ಹಾಳಾದರೆ ಹದಿನೈದು ದಿನಕ್ಕೆ ಇನ್ನೊಂದು ಅರಳುತ್ತದೆ. ಹವಾಮಾನ ಕೈಕೊಡುವ ವರ್ಷಗಳಲ್ಲಿ ಈ ಎರಡು ಬಗೆಯ ತೋಟಗಳ ವ್ಯತ್ಯಾಸ ಕೋಣೆ ಎತ್ತಿದರೆ ತಿಳಿಯುತ್ತದೆ. ಬೇಸಿಗೆಯ ಮರಗಸಿಯನ್ನೂ (ನೆರಳು ಮರದ ಕೊಂಬೆ ಕಡಿಯುವುದನ್ನು) ಹೂ ನೋಡಿ ಮಾಡಿ. ಅರಳಿದ ಕೊಂಬೆ ಇಳಿಸುವ ಕೆಲಸ ಎರಡು ವಾರ ಕಾಯಬಹುದು.

ಈ ಹೊತ್ತಿಗೆ ಸಂಸಾರ ತುಂಬಿ ತುಳುಕಿ ಪಾಲಾಗುವ ಭಯವೂ ಇದೆ. ವಾರಕ್ಕೊಮ್ಮೆ ಎರಿಯ ಕೆಳಂಚು ನೋಡಿ. ರಾಣಿ ಕೋಶ ಕಟ್ಟಿದ್ದರೆ ಕಿತ್ತುಹಾಕಿ, ಮೇಲೆ ಇನ್ನೊಂದು ಜೇನು ಕೋಣೆ ಕೊಡಿ, ಬಿಗಿದ ಜಾಗ ಸಡಿಲಿಸಿ. ಕಿತ್ತಷ್ಟೂ ಕಟ್ಟುತ್ತಿದ್ದರೆ ನೀವೇ ಪಾಲು ಮಾಡಿಬಿಡುವುದು ಜಾಣತನ. ಇಲ್ಲದಿದ್ದರೆ ಅರ್ಧ ನೊಣ ಹೊಟ್ಟೆ ತುಂಬ ಜೇನು ಹೀರಿಕೊಂಡು ಯಾರದೋ ಮರದ ಪೊಟರೆಗೆ ಹೋಗುತ್ತದೆ.

5. ಯಾವಾಗ ತೆಗೆಯುವುದು

ಪೆಟ್ಟಿಗೆಯ ಹಿಂಬದಿಯನ್ನು ವಾರಕ್ಕೊಮ್ಮೆ ಒಂದು ಬೆರಳಿನಷ್ಟು ಎತ್ತಿ ತೂಕ ನೋಡುವ ಅಭ್ಯಾಸ ಮಾಡಿಕೊಳ್ಳಿ. ತೂಕ ಏರುವುದು ನಿಂತಾಗ ತೆರೆಯಿರಿ. ಜೇನು ಕೋಣೆಯ ಎರಿಯಲ್ಲಿ ಮುಕ್ಕಾಲು ಭಾಗ ಕಣಗಳಿಗೆ ಮೇಣದ ಮುಚ್ಚಳ ಬಿದ್ದಿರಬೇಕು. ಅನುಮಾನವಿದ್ದರೆ ಚೌಕಟ್ಟನ್ನು ಅಡ್ಡ ಹಿಡಿದು ಒಮ್ಮೆ ಕೊಡವಿ. ಹನಿ ಉದುರಿದರೆ ಇನ್ನೂ ಹಸಿ.

ಕೊಡಗಿನಲ್ಲಿ ಹಸಿ ಜೇನೇ ದೊಡ್ಡ ಸಮಸ್ಯೆ. ತುಡುವೆ ಜೇನಿನಲ್ಲಿ ಮೊದಲೇ ನೀರಿನಂಶ ಜಾಸ್ತಿ, ಗಾಳಿಯಲ್ಲಿ ತೇವವೂ ಜಾಸ್ತಿ. ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದಂತೆ ಮಾರಾಟದ ಜೇನಿನಲ್ಲಿ ತೇವಾಂಶ ಶೇ. 20 ಮೀರಬಾರದು. ಮೀರಿದರೆ ನೊರೆ ಬಂದು ಹುಳಿಯಾಗುತ್ತದೆ, ಬಾಟಲಿ ಮುಚ್ಚಳ ಹಾರಿದ ಕಥೆಗಳೆಲ್ಲ ಇದರದ್ದೇ. ಆದ್ದರಿಂದ ಎರಡು ಮೂರು ದಿನ ಒಣ ಬಿಸಿಲು ಬಿದ್ದ ಮೇಲೆ, ಬೆಳಿಗ್ಗೆ ಹತ್ತರ ನಂತರ ತೆಗೆಯಿರಿ. ಮಳೆಯ ಮರುದಿನ ಬೇಡ. ಹಿಂದಿನ ದಿನ ತಂದ ನೀರುನೀರಾದ ಮಕರಂದ ಎಲ್ಲ ಕಣದಲ್ಲೂ ಇರುತ್ತದೆ. ಪೆಟ್ಟಿಗೆ ಹೆಚ್ಚಿದ್ದರೆ ತೇವಾಂಶ ನೋಡುವ ರಿಫ್ರ್ಯಾಕ್ಟೋಮೀಟರ್ ಕೊಂಡದ್ದು ದಂಡವಾಗುವುದಿಲ್ಲ. ಯಂತ್ರದಲ್ಲಿ ತಿರುಗಿಸಿ, ಬಟ್ಟೆಯಲ್ಲಿ ಸೋಸಿ, ಒಣಗಿದ ಗಾಜು ಅಥವಾ ಸ್ಟೀಲ್ ಪಾತ್ರೆಗೆ ಹಾಕಿ ಅದೇ ದಿನ ಬಿಗಿಯಾಗಿ ಮುಚ್ಚಿ. ತೆರೆದಿಟ್ಟ ಜೇನು ಗಾಳಿಯ ತೇವ ಎಳೆದುಕೊಳ್ಳುತ್ತದೆ.

ಸಂಸಾರ ಕೋಣೆಯ ಜೇನಿಗೆ ಕೈ ಹಾಕಬೇಡಿ. ಮೇ ಮೂರನೇ ವಾರದ ನಂತರ ಜೇನು ಕೋಣೆಯದ್ದನ್ನೂ ಪೂರ್ತಿ ತೆಗೆಯಬೇಡಿ, ಭಾಗಮಂಡಲ, ನಾಪೋಕ್ಲು, ಶಾಂತಳ್ಳಿ ಕಡೆಯವರಂತೂ ಖಂಡಿತ ಬೇಡ. ಕೊನೆಯ ಒಂದು ಕಿಲೋ ಜೇನಿನಾಸೆಗೆ ಜುಲೈನಲ್ಲಿ ಸಂಸಾರವನ್ನೇ ಕಳೆದುಕೊಂಡವರು ಪ್ರತಿ ಊರಿನಲ್ಲೂ ಸಿಗುತ್ತಾರೆ.

6. ಕಕ್ಕಡದ (ಜುಲೈ–ಆಗಸ್ಟ್‌ನ ಕೊಡವ ತಿಂಗಳಿನ) ಮಳೆ ದಾಟಿಸುವುದು

ಜೂನ್‌ನಿಂದ ಸೆಪ್ಟೆಂಬರ್ ಉಪವಾಸದ ಕಾಲ. ಏಲಕ್ಕಿ ಈ ತಿಂಗಳುಗಳಲ್ಲಿ ಹೂ ಬಿಡುತ್ತದೆ, ನೊಣ ಅದಕ್ಕೆ ಹೋಗಲು ಮಳೆ ಬಿಡಬೇಕಲ್ಲ. ಹಾಗಾಗಿ ವಾರಕ್ಕೊಮ್ಮೆ ಪಾಕ. ಈಗ ಎರಡು ಪಾಲು ಸಕ್ಕರೆಗೆ ಒಂದು ಪಾಲು ನೀರು ಹಾಕಿ ಗಟ್ಟಿ ಪಾಕ ಮಾಡಿ. ತೇವದ ಗಾಳಿಯಲ್ಲಿ ತೆಳು ಪಾಕದ ನೀರು ಆರಿಸುವುದೇ ನೊಣಕ್ಕೆ ಹೆಚ್ಚಿನ ದುಡಿಮೆ. ಮಳೆ ಕ್ಷಣಹೊತ್ತು ಬಿಟ್ಟಾಗ ಬೇಗ ತೆರೆದು ಬೇಗ ಮುಚ್ಚಿ.

ಖಾಲಿಯಾದ ಜೇನು ಕೋಣೆ ತೆಗೆದಿಡಿ. ನೊಣ ಕೂರದ ಎರಿಗಳನ್ನೂ ತೆಗೆಯಿರಿ, ಬಿಟ್ಟರೆ ಮೇಣದ ಹುಳು ಬಲೆ ಕಟ್ಟುತ್ತದೆ. ಬಾಗಿಲು ಕಿರಿದು ಮಾಡಿ, ಪೆಟ್ಟಿಗೆಯನ್ನು ಮುಂದಕ್ಕೆ ತುಸು ಓರೆ ಇಡಿ, ಮೇಲೆ ಹೊರಚಾಚಿದ ತಗಡು ಹೊದಿಸಿ ಕಲ್ಲು ಹೇರಿ. ಕಾಲಿನ ಇರುವೆ ಬಟ್ಟಲಿಗೆ ಮಳೆಗಾಲದಲ್ಲಿ ನೀರು ತುಂಬಬೇಕಿಲ್ಲವೆಂದು ಸುಮ್ಮನಿರಬೇಡಿ. ಅದರಲ್ಲಿ ಬಿದ್ದ ಎಲೆಯೇ ಇರುವೆಗೆ ಸೇತುವೆ. 2018ರ ಆಗಸ್ಟ್‌ನ ಮಳೆ, ಭೂಕುಸಿತ ಕಂಡ ಮೇಲೆ ಕಡಿದಾದ ಬರೆಯ (ಗುಡ್ಡದ ಮಣ್ಣಿನ ಗೋಡೆಯ) ಬುಡದಲ್ಲಿ ಪೆಟ್ಟಿಗೆ ಇಡುವ ಮಾತೇ ಇಲ್ಲ.

ಹತ್ತಾರು ಪೆಟ್ಟಿಗೆ ಇರುವವರು ಜೂನ್‌ಗೆ ಮುಂಚೆ ಕುಶಾಲನಗರ, ಪಿರಿಯಾಪಟ್ಟಣ ಕಡೆಯ ಕಡಿಮೆ ಮಳೆಯ ಜಾಗಕ್ಕೆ ಸಾಗಿಸುವುದು ಲಾಭದ ಕೆಲಸ. ಸಾಗಿಸುವುದು ರಾತ್ರಿ, ಬಾಗಿಲಿಗೆ ಬಲೆ ಹಾಕಿ, ಚೌಕಟ್ಟು ಅಲುಗದಂತೆ ಬಿಗಿದು. ಮೂರು ಕಿಲೋಮೀಟರಿಗಿಂತ ಹತ್ತಿರಕ್ಕೆ ಸಾಗಿಸಿದರೆ ನೊಣ ಹಳೆಯ ಜಾಗಕ್ಕೇ ಮರಳುತ್ತದೆ.

ಮಳೆಯಲ್ಲಿ ಸೊರಗಿದ ಸಂಸಾರವನ್ನೇ ರೋಗ ಹುಡುಕಿಕೊಂಡು ಬರುತ್ತದೆ. 1991–92ರಲ್ಲಿ ಬಂದ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತದ ತುಡುವೆಯನ್ನು ಬಹುಪಾಲು ಅಳಿಸಿಹಾಕಿತು. ಕೊಡಗಿನ ಎಷ್ಟೋ ಮನೆಗಳಲ್ಲಿ ಖಾಲಿ ಪೆಟ್ಟಿಗೆ ಅಟ್ಟ ಸೇರಿದ್ದು ಆಗಲೇ. ಮರಿಗಳು ಕಣದಲ್ಲಿ ತಲೆ ಮೇಲೆತ್ತಿ ಸತ್ತಿದ್ದು, ಚಿಮಟಿಯಲ್ಲಿ ಎತ್ತಿದರೆ ನೀರು ತುಂಬಿದ ಚೀಲದಂತೆ ಕಂಡರೆ ಅದೇ ರೋಗ. ಔಷಧಿಯಿಲ್ಲ. ಆ ಪೆಟ್ಟಿಗೆಯ ಎರಿ, ಚೌಕಟ್ಟು ಇನ್ನೊಂದಕ್ಕೆ ಹಾಕಬೇಡಿ, ಅದಕ್ಕೆ ಬಳಸಿದ ಕೈ, ಚಾಕು ತೊಳೆಯದೆ ಪಕ್ಕದ್ದನ್ನು ತೆರೆಯಬೇಡಿ. ಪೊನ್ನಂಪೇಟೆಯ ಅರಣ್ಯ ಕಾಲೇಜು, ಗೋಣಿಕೊಪ್ಪಲಿನ ಕೃಷಿ ವಿಜ್ಞಾನ ಕೇಂದ್ರ ಅಥವಾ ತೋಟಗಾರಿಕೆ ಇಲಾಖೆಯವರಿಗೆ ತೋರಿಸಿ.

7. ಕೈಲ್ ಪೋಳ್ದ್ (ಸೆಪ್ಟೆಂಬರ್ ಮೊದಲ ವಾರದ ಆಯುಧ ಹಬ್ಬ) ನಂತರ

ಸೆಪ್ಟೆಂಬರ್‌ನಲ್ಲಿ ಬಿಸಿಲು ಕಾಣುತ್ತಲೇ ಬರೆಗಳಲ್ಲಿ ಕರ್ಣಕುಂಡಲ, ಗದ್ದೆ ಬದುವಿನ ಸಣ್ಣಪುಟ್ಟ ಹೂ ಅರಳುತ್ತವೆ. ಬೆಟ್ಟದ ಕುರಿಂಜಿ ಹಲವು ವರ್ಷಕ್ಕೊಮ್ಮೆ ಸಾಮೂಹಿಕವಾಗಿ ಅರಳುವಂಥದ್ದು; 2021ರಲ್ಲಿ ಮಾಂದಲಪಟ್ಟಿ ನೀಲಿಯಾಗಿತ್ತು. ಅಂಥ ವರ್ಷ ಬೆಟ್ಟದ ಬುಡದಲ್ಲಿರುವವರಿಗೆ ಹೆಚ್ಚುವರಿ ಅದೃಷ್ಟ, ಅದನ್ನು ನಂಬಿ ಲೆಕ್ಕ ಹಾಕುವಂತಿಲ್ಲ.

ಈ ಕಾಲದಲ್ಲೇ ತೋಟದಲ್ಲಿ ಕಳೆ ತೆಗೆಯುತ್ತಾರೆ. ಕಾಫಿ ಸಾಲಿನದ್ದು ತೆಗೆಯಿರಿ, ಬೇಲಿ, ತೋಡಿನಂಚು, ರಸ್ತೆ ಬದಿಯದ್ದನ್ನು ಜನವರಿವರೆಗೆ ಬಿಡಿ. ಕಳೆನಾಶಕ ಹೊಡೆದರೆ ಎರಡನೇ ಹಂತದಲ್ಲಿ ಹೇಳಿದ ಮೇವೆಲ್ಲ ಅಲ್ಲಿಗೇ ಮುಗಿಯಿತು. ದೊಡ್ಡ ಕಣಜಗಳು ಬಾಗಿಲ ಮುಂದೆ ಹಾರಾಡುತ್ತ ನೊಣ ಹಿಡಿಯುವುದೂ ಈಗಲೇ. ಬಾಗಿಲನ್ನು ನೊಣ ಮಾತ್ರ ನುಸುಳುವಷ್ಟು ಕಿರಿದು ಮಾಡಿ, ಬೆಳಿಗ್ಗೆ ಸಂಜೆ ಬ್ಯಾಟಿನಲ್ಲಿ ಹೊಡೆಯಿರಿ.

ನವೆಂಬರ್ ಮಧ್ಯದಲ್ಲಿ ಪ್ರತಿ ಪೆಟ್ಟಿಗೆ ತೆರೆದು ನೊಣ ತುಂಬಿದ ಚೌಕಟ್ಟು ಎಷ್ಟೆಂದು ಎಣಿಸಿ. ಮೂರಕ್ಕಿಂತ ಕಡಿಮೆ ಇದ್ದರೆ ರೋಗವಿಲ್ಲವೆಂದು ಖಚಿತ ಮಾಡಿಕೊಂಡು ಅಂಥ ಎರಡನ್ನು ಸೇರಿಸಿಬಿಡಿ. ಎರಡು ಪೆಟ್ಟಿಗೆಯನ್ನೂ ದಿನಕ್ಕೆ ಒಂದೆರಡು ಅಡಿಯಂತೆ ಸರಿಸುತ್ತ ಹತ್ತಿರ ತನ್ನಿ. ಎರಡು ರಾಣಿಗಳಲ್ಲಿ ಹಳೆಯದನ್ನು ತೆಗೆಯಿರಿ. ಸಂಜೆ, ರಾಣಿ ಇರುವ ಸಂಸಾರ ಕೋಣೆಯ ಮೇಲೆ ಒಂದು ಪೇಪರ್ ಹಾಳೆ ಹಾಸಿ, ಮೊಳೆಯಿಂದ ನಾಲ್ಕಾರು ತೂತು ಮಾಡಿ, ಇನ್ನೊಂದನ್ನು ಅದರ ಮೇಲೆ ಕೂರಿಸಿ. ಎರಡು ಮೂರು ದಿನದಲ್ಲಿ ಅವೇ ಹಾಳೆ ಕಚ್ಚಿ ಹರಿದು ವಾಸನೆ ಒಂದಾಗಿ ಬೆರೆಯುತ್ತವೆ. ನಾಲ್ಕನೇ ದಿನ ತೆರೆದು ಒಳ್ಳೆಯ ಎರಿಗಳನ್ನೆಲ್ಲ ಕೆಳಗಿನ ಕೋಣೆಗೆ ಜೋಡಿಸಿ, ಪುತ್ತರಿಗೆ ಮುಂಚೆ ಈ ಕೆಲಸ ಮುಗಿದಿರಲಿ.